ಹೊಲಿಗೆ ನಿಲ್ಲಿಸಲು ಮರೆತ ಕೋಶಗಳು

ಡಾಕ್ಟ್ರಮ್ಮಾ, ನಾನು ಹಾವೇರಿ ಕಡೆಯವಳು. ಮನೆಯಲ್ಲೇ ಬ್ಲೌಸು, ಲಂಗ ಹೊಲಿದು ಸಂಸಾರ ತೂಗಿಸುತ್ತೇನೆ. ಒಬ್ಬನೇ ಮಗ, ಈಗ 24 ವರ್ಷ. ನಾಲ್ಕು ವರ್ಷದ ಹಿಂದೆ ಬಲಗಡೆ ಕಿಬ್ಬೊಟ್ಟೆ ನೋವು, ಸಂಜೆಯಾದರೆ ಜ್ವರ, ಆಗಾಗ ಭೇದಿ ಶುರುವಾಗಿ ಹನ್ನೊಂದು ಕೆ.ಜಿ. ಇಳಿದುಬಿಟ್ಟ. ಮೊದಲು ಕರುಳಿನ ಟಿಬಿ ಎಂದರು. ಆರು ತಿಂಗಳು ಟಿಬಿ ಮಾತ್ರೆ ತಪ್ಪದೆ ನುಂಗಿದ, ಗುಣ ಕಾಣಲಿಲ್ಲ. ಬೇರೆ ಕಡೆ ಮತ್ತೆ ಕೊಲೊನೋಸ್ಕೋಪಿ ಮಾಡಿ ಇದು ಕ್ರೋನ್ಸ್ ಕಾಯಿಲೆ ಎಂದರು. ಆ ಔಷಧಿಯಿಂದ ಚೆನ್ನಾಗಾದ, ಮೈ ತುಂಬಿಕೊಂಡ, ಕೆಲಸಕ್ಕೂ ಸೇರಿದ. ಎರಡು ವರ್ಷದ ಹಿಂದೆ “ನನಗೇನೂ ಇಲ್ಲವಲ್ಲವ್ವಾ” ಎಂದು ಅವನೇ ಮಾತ್ರೆ ಬಿಟ್ಟ. ನಾನೂ ಸುಮ್ಮನಿದ್ದೆ. ತಿಂಗಳ ಖರ್ಚು ಉಳಿಯಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಗಿತ್ತು.

ಈಗ ಐದಾರು ತಿಂಗಳಿಂದ ಉಂಡ ಒಂದು ತಾಸಿಗೆ ಹೊಟ್ಟೆ ಹಿಂಡುತ್ತದೆ, ಉಬ್ಬುತ್ತದೆ, ಗುಡುಗುಡು ಸದ್ದು ಪಕ್ಕದಲ್ಲಿದ್ದವರಿಗೂ ಕೇಳಿಸುತ್ತದೆ. ಸ್ಕ್ಯಾನ್ ಮಾಡಿ ಸಣ್ಣ ಕರುಳಿನ ಕೊನೆಯಲ್ಲಿ ಸ್ಟ್ರಿಕ್ಚರ್ ಇದೆ, ಫೈಬ್ರೋಸಿಸ್ ಆಗಿದೆ ಎಂದರು. ಗಾಯ ಮುಚ್ಚುವ ಕೋಶಗಳೇ ಅತಿಯಾಗಿ ಕೆಲಸ ಮಾಡಿವೆ ಎಂದು ಡಾಕ್ಟರು ಹೇಳಿದ್ದು ನನಗೆ ಅರ್ಥವಾಗಲಿಲ್ಲ. ಬಲೂನು ಹಾಕಬೇಕಾಗಬಹುದು, ಇಲ್ಲವೇ ಆಪರೇಷನ್ ಎಂದಿದ್ದಾರೆ. ಇದು ಕ್ಯಾನ್ಸರಾ? ಟಿಬಿ ಮಾತ್ರೆಯಿಂದ ಆಯಿತಾ? ನನ್ನ ಅಡುಗೆಯ ಖಾರದಿಂದಲಾ? ಕೊಯ್ಯಿಸಿದರೆ ಮತ್ತೆ ಬರುತ್ತದಂತೆ, ಹಾಗಿದ್ದ ಮೇಲೆ ಯಾಕೆ ಕೊಯ್ಯಿಸಬೇಕು? ಅವನ ಮದುವೆ ಹೇಗೆ ಮಾಡಲಿ? ನಮ್ಮ ಅತ್ತಿಗೆ ಇದು ಯಾರೋ ಹಾಕಿದ ಕೈಮದ್ದು, ತೆಗೆಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಮುಂದಿನ ವಾರ ಕರೆದುಕೊಂಡು ಹೋಗಲಾ?

ತಂಗಿ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಕೊನೆಗೆ ಕೇಳಿದ್ದಕ್ಕೇ ಮೊದಲ ಉತ್ತರ, ಏಕೆಂದರೆ ಅದಕ್ಕೆ ಒಂದೇ ವಾರ ಉಳಿದಿದೆ. ಮದ್ದು ತೆಗೆಸಲು ಮಗನನ್ನು ಕರೆದೊಯ್ಯಬೇಡಿ. ಅಲ್ಲಿ ಏನೋ ಕುಡಿಸಿ ವಾಂತಿ ಮಾಡಿಸುತ್ತಾರೆ. ಕರುಳು ಒಂದು ಕಡೆ ಬಿಗಿದು ಅದರ ಹಿಂದಿನ ಭಾಗ ಊದಿಕೊಂಡಿರುವ ಹುಡುಗನಿಗೆ ಒತ್ತಾಯದ ವಾಂತಿ ಮಾಡಿಸಿದರೆ ಮೈಯ ನೀರೂ ಲವಣವೂ ಬತ್ತಿಹೋಗುತ್ತವೆ, ವಾಂತಿ ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಇದೆ. ಅತ್ತಿಗೆಯವರಿಗೆ ಮಗನ ಮೇಲೆ ಪ್ರೀತಿ ಇದೆ ಎಂಬುದರಲ್ಲಿ ಸಂಶಯವಿಲ್ಲ. ಆ ಪ್ರೀತಿಯಿಂದ ಅವರು ಆಸ್ಪತ್ರೆಗೆ ನಿಮ್ಮ ಜೊತೆ ಬರಲಿ.

ಉಳಿದ ಭಯಗಳಲ್ಲಿ ಎರಡನ್ನು ಇಲ್ಲೇ ಇಳಿಸಿಬಿಡಿ. ಡಾಕ್ಟರು ಹೇಳಿದ ಫೈಬ್ರೋಸಿಸ್ ಕ್ಯಾನ್ಸರಲ್ಲ, ಅದು ಗಾಯದ ಕಲೆ. ಹಲವು ವರ್ಷ ಹಳೆಯದಾದ ಕ್ರೋನ್ಸ್‌ನಲ್ಲಿ ಬಿಗಿದ ಜಾಗದಿಂದ ಚೂರು ತೆಗೆದು ಬಯಾಪ್ಸಿ ನೋಡುವುದು ಎಚ್ಚರಿಕೆಗಾಗಿ, ಅದನ್ನು ಕೇಳಿ ಗಾಬರಿಯಾಗಬೇಡಿ. ಇನ್ನು ನಿಮ್ಮ ಅಡುಗೆಯ ಖಾರ. ಖಾರ ಉಂಡು ಯಾರ ಕರುಳಿನಲ್ಲೂ ಕ್ರೋನ್ಸ್ ಹುಟ್ಟುವುದಿಲ್ಲ. ನಾಲ್ಕು ವರ್ಷದಿಂದ ಈ ಮಾತನ್ನು ಮನಸ್ಸಿನಲ್ಲಿ ಹೊತ್ತುಕೊಂಡು ಒಲೆ ಮುಂದೆ ನಿಂತಿದ್ದೀರಿ ಅನಿಸುತ್ತದೆ. ಸಾಕು.

ಈಗ ಆ ಕೋಶಗಳ ವಿಷಯ. ನೀವು ಹೊಲಿಗೆಯವರಾದ್ದರಿಂದ ಹೇಳುವುದು ನನಗೆ ಸುಲಭ.

ಕರುಳಿನ ಗೋಡೆಯನ್ನು ಲೈನಿಂಗ್ ಹಾಕಿದ ಬ್ಲೌಸಿನ ತೋಳು ಎಂದುಕೊಳ್ಳಿ. ಊಟ ತಾಗುವ ಒಳಮೈಯ ಪದರ ಬಲು ತೆಳು, ಅದರಲ್ಲಿ ಒಂದೇ ಸಾಲು ಕೋಶಗಳು. ಹೊರಗಡೆ ಸ್ನಾಯುವಿನ ದಪ್ಪ ಪದರ. ಇವೆರಡರ ನಡುವೆ ತುಂಬಿಕೊಂಡು, ಎರಡನ್ನೂ ಹಿಡಿದಿಟ್ಟಿರುವುದು ಸಂಯೋಜಕ ಅಂಗಾಂಶ. ರಕ್ತನಾಳ, ನರ, ರೋಗನಿರೋಧಕ ಕೋಶ ಎಲ್ಲವೂ ಅದರೊಳಗೇ ಓಡಾಡಬೇಕು. ಆ ಅಂಗಾಂಶದ ನಾರನ್ನು ನೇಯುವ ಕೋಶಕ್ಕೆ ಫೈಬ್ರೋಬ್ಲಾಸ್ಟ್ ಎಂದು ಹೆಸರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ತುದಿ ಚೂಪಾದ, ನಡುವೆ ಉಬ್ಬಿದ ಕದಿರಿನಂತೆ ಕಾಣುತ್ತದೆ. ನೇಯುವ ನಾರಿನ ಹೆಸರು ಕೊಲಾಜೆನ್.

ನಾನು ಓದುವಾಗ ಇವುಗಳ ಬಗ್ಗೆ ನಮಗೆ ಕಲಿಸಿದ್ದು ಅರ್ಧ ಪುಟ. ಕಟ್ಟಡದ ಸಿಮೆಂಟಿನಂತೆ ಸುಮ್ಮನೆ ಜಾಗ ತುಂಬುವ ಕೋಶಗಳು ಎಂಬ ಭಾವನೆ ಇತ್ತು. ಆ ತಿಳಿವಳಿಕೆ ಎಷ್ಟು ಬಡವಾಗಿತ್ತು ಎಂದು ಈಗ ಗೊತ್ತಾಗಿದೆ. ನಿಮ್ಮ ಮಗನ ಕರುಳಿನ ಒಳಪದರ ಮೂರರಿಂದ ಐದು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ಹಳೆಯ ಕೋಶಗಳು ಉದುರಿ ಹೋಗುತ್ತವೆ, ಒಳಪದರದ ಪುಟ್ಟ ಕುಣಿಗಳ ತಳದಲ್ಲಿರುವ ಮೂಲಕೋಶಗಳು ಹೊಸದನ್ನು ಹುಟ್ಟಿಸಿ ಮೇಲಕ್ಕೆ ಕಳಿಸುತ್ತವೆ. ಎಷ್ಟು ಹುಟ್ಟಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಆ ಮೂಲಕೋಶಗಳಿಗೆ ಹೇಳುವವರಲ್ಲಿ ಕೆಳಗೇ ಆತುಕೊಂಡಿರುವ ಈ ಫೈಬ್ರೋಬ್ಲಾಸ್ಟ್ ಬಳಗವೂ ಮುಖ್ಯ. ಕುಣಿಯ ತಳದಲ್ಲಿರುವವು ‘ಬೆಳೆ’ ಎಂಬ ರಾಸಾಯನಿಕ ಸೂಚನೆ ಕೊಡುತ್ತವೆ. ಮೇಲಿನ ತುದಿಯ ಹತ್ತಿರ ಇರುವ ಅವುಗಳದ್ದೇ ದಾಯಾದಿಗಳು ‘ಸಾಕು, ಇನ್ನು ಬಲಿತು ಕೆಲಸಕ್ಕೆ ನಿಲ್ಲು’ ಎನ್ನುತ್ತವೆ. ಈ ಎರಡು ಮಾತಿನ ನಡುವಿನ ತೂಕದಲ್ಲಿ ಕರುಳಿನ ಆರೋಗ್ಯ ನಿಂತಿದೆ.

ಇದೇ ಬಳಗದಿಂದ ಹುಟ್ಟುವ ಇನ್ನೊಂದು ಕೋಶ ಕರುಳಿಗೆ ತಾಳ ಹಾಕುತ್ತದೆ. ಸ್ಪೇನಿನ ವಿಜ್ಞಾನಿ ಸಾಂತಿಯಾಗೊ ರಮೋನ್ ಇ ಕಹಾಲ್ ಅವುಗಳನ್ನು ಗುರುತಿಸಿದ್ದರಿಂದ ಇಂದಿಗೂ ಅವರದೇ ಹೆಸರು. ನರಮಂಡಲದ ಕೆಲಸಕ್ಕೆ 1906ರಲ್ಲಿ ನೊಬೆಲ್ ಪಡೆದವರು ಅವರು. ಸಣ್ಣ ಕರುಳಿನ ಆರಂಭದಲ್ಲಿ ಆ ಕೋಶಗಳು ನಿಮಿಷಕ್ಕೆ ಸುಮಾರು 12 ಬಾರಿ ವಿದ್ಯುತ್ ಅಲೆ ಎಬ್ಬಿಸುತ್ತವೆ, ಕೊನೆಗೆ ಬರುತ್ತ ತಾಳ ನಿಧಾನವಾಗುತ್ತದೆ. ಉಂಡದ್ದು ಮುಂದೆ ಸಾಗುವುದು ಆ ತಾಳಕ್ಕೆ. ಉರಿಯೂತ ಬಹುಕಾಲ ನಿಂತ ಜಾಗದಲ್ಲಿ ಈ ಕೋಶಗಳೂ ಕಡಿಮೆಯಾಗುತ್ತವೆ.

ಹಾಗಾದರೆ ಇಷ್ಟು ಬೇಕಾದವರು ಕೇಡು ಮಾಡಿದ್ದು ಹೇಗೆ?

ಮಗನ ತೋಳಿನ ಮೇಲೆ ಹುಟ್ಟಿದಾಗ ಹಾಕಿಸಿದ ಬಿಸಿಜಿ ಚುಚ್ಚುಮದ್ದಿನ ಗುರುತು ಇರಬೇಕು. ಒಮ್ಮೆ ಮುಟ್ಟಿ ನೋಡಿ. ಸುತ್ತಲಿನ ಚರ್ಮ ಹಿಗ್ಗಿದ ಹಾಗೆ ಆ ಗುರುತು ಹಿಗ್ಗುವುದಿಲ್ಲ. ಗಾಯ ಆದಾಗ ಫೈಬ್ರೋಬ್ಲಾಸ್ಟ್‌ಗಳು ಅಲ್ಲಿಗೆ ಓಡಿಬಂದು ವೇಷ ಬದಲಿಸುತ್ತವೆ. ಸ್ನಾಯುವಿನಲ್ಲಿರುವಂಥ ಸೆಳೆಯುವ ಎಳೆಗಳನ್ನು ತಮ್ಮೊಳಗೆ ಕಟ್ಟಿಕೊಂಡು, ಗಾಯದ ಎರಡು ಅಂಚನ್ನು ಹಿಡಿದು ಹತ್ತಿರಕ್ಕೆ ಎಳೆಯುತ್ತವೆ, ನಡುವೆ ಕೊಲಾಜೆನ್ ತುಂಬುತ್ತವೆ. ಹೀಗೆ ವೇಷ ಬದಲಿಸಿದ ಕೋಶಕ್ಕೆ ಮಯೋಫೈಬ್ರೋಬ್ಲಾಸ್ಟ್ ಎನ್ನುತ್ತಾರೆ. 1971ರಲ್ಲಿ ಜೂಲಿಯೊ ಗಬ್ಬಿಯಾನಿ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ಗಾಯ ಕೂಡಿದ ಮೇಲೆ ಇವು ಸಾಯಬೇಕು ಅಥವಾ ಮೊದಲಿನ ರೂಪಕ್ಕೆ ಮರಳಬೇಕು. ತೋಳಿನಲ್ಲಿ ಹಾಗೇ ಆಯಿತು, ಕೆಲಸ ಮುಗಿಸಿ ಒಂದು ಸಣ್ಣ ಗುರುತು ಬಿಟ್ಟುಹೋದವು.

ಕ್ರೋನ್ಸ್‌ನಲ್ಲಿ ಗಾಯ ಒಂದು ದಿನದ್ದಲ್ಲ. ಒಂದು ಕಡೆ ಮುಚ್ಚುವಷ್ಟರಲ್ಲಿ ಪಕ್ಕದಲ್ಲಿ ಹುಣ್ಣು ಏಳುತ್ತದೆ, ಅದೂ ಮೇಲಿನ ಪದರದಲ್ಲಿ ನಿಲ್ಲದೆ ಗೋಡೆಯ ಪೂರ್ತಿ ದಪ್ಪಕ್ಕೆ ಇಳಿಯುತ್ತದೆ. ಉರಿಯೂತದ ಕೋಶಗಳು ದಿನವೂ ಟಿಜಿಎಫ್-ಬೀಟಾ ಎಂಬ ಸಂದೇಶ ಕಳಿಸುತ್ತಿರುತ್ತವೆ, ‘ಇನ್ನೂ ನೇಯಿ, ಇನ್ನೂ ನೇಯಿ’ ಎಂದು. ನೇಯುವವರು ನೇಯುತ್ತಲೇ ಹೋಗುತ್ತಾರೆ. ನೇಯ್ದದ್ದನ್ನು ಕತ್ತರಿಸಿ ತೆಗೆಯುವ ಕಿಣ್ವಗಳ ಕೈ ಸೋಲುತ್ತದೆ. ಮೆತ್ತಗೆ ಹಿಗ್ಗಬೇಕಾದ ತೋಳಿಗೆ ನೀವು ಕಾಲರಿನ ಬಕ್ರಂ ಇಟ್ಟು, ಅದರ ಮೇಲೆ ಮತ್ತೊಂದು, ಮಗದೊಂದು ಇಟ್ಟು ಹೊಲಿದರೆ ಏನಾದೀತು? ತೋಳು ಗಟ್ಟಿಯಾಗುತ್ತದೆ, ಒಳಗಿನ ಜಾಗ ಕಿರಿದಾಗುತ್ತದೆ. ನಿಮ್ಮ ಮಗನ ಸಣ್ಣ ಕರುಳಿನ ಕೊನೆಯಲ್ಲಿ ಆಗಿರುವುದು ಅದೇ. ಆರೋಗ್ಯದ ದಿನಗಳಲ್ಲಿ ಅವನನ್ನು ಕಾದ ಕೋಶಗಳೇ, ಕೆಲಸ ಮುಗಿಯಿತು ಎಂಬ ಮಾತು ತಲುಪದೆ, ಹೊಲಿಗೆ ನಿಲ್ಲಿಸಲಿಲ್ಲ. ಡಾಕ್ಟರು ನಿಮಗೆ ಹೇಳಲು ಹೊರಟಿದ್ದು ಇದನ್ನು.

ಹೀಗೆ ಬಿಗಿದ ಒಂದು ಕರುಳಿನ ತುಂಡನ್ನು ನಾನು ಕೈಯಲ್ಲಿ ಹಿಡಿದದ್ದು ಇಪ್ಪತ್ತೈದು ವರ್ಷಗಳ ಹಿಂದೆ, ಪೆಥಾಲಜಿ ಕೋಣೆಯಲ್ಲಿ. ಸುಮಾರು ಒಂದು ಗೇಣುದ್ದ. ಆರೋಗ್ಯದ ಕರುಳು ಕೈಯಲ್ಲಿ ಒದ್ದೆ ರೇಷ್ಮೆಯಂತೆ ಜಾರುತ್ತದೆ. ಇದು ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪಿನಂತೆ ಬಿರುಸಾಗಿತ್ತು. ಹೊರಮೈಯನ್ನು ಹಳದಿ ಕೊಬ್ಬು ಬೆರಳು ಬೆರಳಾಗಿ ತಬ್ಬಿಕೊಂಡಿತ್ತು. ಕ್ರೋನ್ಸ್‌ನಲ್ಲಿ ಹೊಟ್ಟೆಯೊಳಗಿನ ಕೊಬ್ಬು ಹಾಗೆ ಕರುಳಿನ ಮೇಲೆ ಹರಿದಾಡುತ್ತದೆ. ಅಡ್ಡ ಕೊಯ್ದಾಗ ನಡುವೆ ಉಳಿದ ದಾರಿಯಲ್ಲಿ ಒಂದು ಪೆನ್ಸಿಲ್ ಮಾತ್ರ ತೂರಬಹುದಿತ್ತು. ಕೊಲಾಜೆನ್ ನೀಲಿಯಾಗಿ, ಸ್ನಾಯು ಕೆಂಪಾಗಿ ಕಾಣುವ ಬಣ್ಣ ಹಾಕಿ ನೋಡಿದಾಗ, ಕೆಂಪಿರಬೇಕಾದಲ್ಲೂ ನೀಲಿ ನುಗ್ಗಿತ್ತು. ಆ ತುಂಡಿನ ಒಡತಿಯನ್ನು ನಾನು ಬಲ್ಲೆ. ಅದಕ್ಕೂ ಎರಡು ವರ್ಷ ಮೊದಲು ಅವಳನ್ನು ಮನೆಗೆ ಕಳಿಸುವಾಗ, ನಾನೇ, “ನೋವು ಹೋಯಿತಲ್ಲ, ಇನ್ನು ನೋವು ಬಂದರೆ ಮಾತ್ರ ಬಾ” ಎಂದಿದ್ದೆ. ನೋವು ಹೋಗಿತ್ತು, ಹುಣ್ಣು ಹೋಗಿರಲಿಲ್ಲ. ನೋವು ಇಲ್ಲದ ಆ ಎರಡು ವರ್ಷವೂ ನೀಲಿ ಬೆಳೆಯುತ್ತಲೇ ಇತ್ತು. ಅಂದಿನಿಂದ ಆ ಮಾತನ್ನು ನಾನು ಯಾವ ರೋಗಿಗೂ ಹೇಳಿಲ್ಲ.

ಆದ್ದರಿಂದ ಮಗ ಮಾತ್ರೆ ಬಿಟ್ಟಿದ್ದಕ್ಕೆ, ನೀವು ಸುಮ್ಮನಿದ್ದುದಕ್ಕೆ ನಾನು ಬೈಯಲಾರೆ. ವೈದ್ಯೆಯಾದ ನಾನೇ ಆ ತಪ್ಪು ಮಾಡಿದ್ದೇನೆ. ಆದರೆ ಅದರ ಬೆಲೆ ಗೊತ್ತಿರಲಿ. ಕ್ರೋನ್ಸ್ ಬಂದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ 20 ವರ್ಷದೊಳಗೆ ಕರುಳು ಬಿಗಿಯುವುದೋ, ಕರುಳಿನಿಂದ ಬೇರೆ ಕಡೆಗೆ ಕಳ್ಳದಾರಿ ತೆರೆಯುವ ಫಿಸ್ತುಲಾ ಆಗುವುದೋ ನಡೆಯುತ್ತದೆ. ಕಲೆ ಗಟ್ಟಿಯಾಗುವ ಮೊದಲು, ಉರಿಯೂತದ ಬೆಂಕಿ ಇರುವಾಗಲೇ ಅದನ್ನು ಆರಿಸುವ ಔಷಧಿಗಳು ನಮ್ಮಲ್ಲಿವೆ. ನೇಯ್ದ ನಾರನ್ನು ಕರಗಿಸುವ ಔಷಧಿ ಕರುಳಿಗೆ ಇನ್ನೂ ಇಲ್ಲ. ಶ್ವಾಸಕೋಶ ಹೀಗೆ ನಾರುಗಟ್ಟುವ ಕಾಯಿಲೆಗೆ ಕೆಲವು ಔಷಧಿಗಳು ಬಳಕೆಯಲ್ಲಿವೆ. ಅವೂ ಅದನ್ನು ನಿಧಾನಗೊಳಿಸುತ್ತವೆಯೇ ಹೊರತು ಅಳಿಸುವುದಿಲ್ಲ. ಟಿಜಿಎಫ್-ಬೀಟಾದ ಸಂದೇಶವನ್ನು ಕರುಳಿನಲ್ಲಿ ಮಾತ್ರ ತಡೆಯುವ ಮಾತ್ರೆಯನ್ನು ಕ್ರೋನ್ಸ್ ರೋಗಿಗಳಲ್ಲಿ ಪರೀಕ್ಷಿಸಲಾಗುತ್ತಿದೆ. ಅದಕ್ಕೆ ಕಾಯುತ್ತ ಕೂರುವ ಸ್ಥಿತಿ ನಿಮ್ಮ ಮಗನದಲ್ಲ.

ಇನ್ನೊಂದು ಕಾರಣಕ್ಕೂ ಕಾಯಬಾರದು. ಪ್ರಯೋಗಾಲಯದಲ್ಲಿ ಇದೇ ಕೋಶಗಳನ್ನು ಮೆತ್ತನೆಯ ಜೆಲ್ ಮೇಲೆ ಬೆಳೆಸಿದರೆ ಶಾಂತವಾಗಿರುತ್ತವೆ, ಬಿರುಸಾದ ತಳದ ಮೇಲೆ ಬೆಳೆಸಿದರೆ ತಾವಾಗಿಯೇ ವೇಷ ಬದಲಿಸಿ ನಾರು ನೇಯತೊಡಗುತ್ತವೆ. ಅಂದರೆ ಒಂದು ಹಂತ ದಾಟಿದ ಮೇಲೆ ಕಲೆಯ ಬಿರುಸೇ ಹೊಸ ಕಲೆಯನ್ನು ಹುಟ್ಟಿಸುತ್ತದೆ, ಉರಿಯೂತ ತಗ್ಗಿದ ಮೇಲೂ.

ಟಿಬಿ ಮಾತ್ರೆಯಿಂದ ಹೀಗಾಯಿತೇ ಎಂದು ಕೇಳಿದ್ದೀರಿ. ಮಾತ್ರೆ ಕರುಳನ್ನು ಬಿಗಿಯಲಿಲ್ಲ. ಆದರೆ ಆ ಆರು ತಿಂಗಳು ಕ್ರೋನ್ಸ್‌ಗೆ ಔಷಧಿ ಸಿಗಲಿಲ್ಲ ಎಂಬುದು ನಿಜ. ಮೊದಲು ನೋಡಿದ ವೈದ್ಯರನ್ನು ದೂರುವ ಮುನ್ನ ಒಂದು ಮಾತು ಕೇಳಿ. ನಮ್ಮ ದೇಶದಲ್ಲಿ ಕರುಳಿನ ಟಿಬಿ ಸಾಮಾನ್ಯ. ಅದೂ ಹಿಡಿಯುವುದು ಹೆಚ್ಚಾಗಿ ಅದೇ ಜಾಗ, ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಬಲಗಡೆಯ ಮೂಲೆ. ಅದೇ ಜ್ವರ, ಅದೇ ತೂಕ ಇಳಿಕೆ, ಬಯಾಪ್ಸಿಯಲ್ಲಿ ಎರಡರಲ್ಲೂ ಗ್ರಾನ್ಯುಲೋಮಾ ಎಂಬ ಗಂಟುಗಳು. ಟಿಬಿ ಇರುವವನಿಗೆ ಕ್ರೋನ್ಸ್ ಔಷಧಿ ಕೊಟ್ಟರೆ ಟಿಬಿ ಮೈಯೆಲ್ಲ ಹರಡಬಹುದು, ಆದ್ದರಿಂದ ಮೊದಲು ಟಿಬಿಗೆ ಚಿಕಿತ್ಸೆ ಕೊಟ್ಟು ನೋಡುವುದರಲ್ಲಿ ತಪ್ಪಿಲ್ಲ. ತಪ್ಪಾಗುವುದು ನಡುವೆ ತಿರುಗಿ ನೋಡದಿದ್ದಾಗ. ಎರಡು ಮೂರು ತಿಂಗಳಿಗೆ ಮತ್ತೊಮ್ಮೆ ಕೊಲೊನೋಸ್ಕೋಪಿ ಮಾಡಿದರೆ, ಟಿಬಿಯಾಗಿದ್ದರೆ ಹುಣ್ಣು ಮಾಗುತ್ತಿರುವುದು ಕಾಣುತ್ತದೆ. ಮಾಗಿರದಿದ್ದರೆ ಬೇರೆ ದಾರಿ ಯೋಚಿಸಬೇಕು. ಈ ಅಂಕಣ ಓದುವ ಎಷ್ಟೋ ಮನೆಗಳಲ್ಲಿ ಇಂದೂ ಯಾರೋ ಕರುಳಿನ ಟಿಬಿಗೆ ಮಾತ್ರೆ ನುಂಗುತ್ತಿರಬಹುದು, ಅವರಿಗಾಗಿ ಇಷ್ಟು ಬಿಡಿಸಿ ಹೇಳಿದೆ. ಟಿಬಿಯ ಹುಣ್ಣು ಮಾಗುವಾಗಲೂ ಇದೇ ಕೋಶಗಳು ಇದೇ ರೀತಿ ಕರುಳು ಬಿಗಿಯಬಲ್ಲವು. ರೋಗಾಣು ಸತ್ತ ಮೇಲೂ ಕಲೆ ಉಳಿಯುತ್ತದೆ.

ಮುಂದೇನು ಎಂಬುದಕ್ಕೆ ಬರೋಣ. ಬಿಗಿದ ಜಾಗದಲ್ಲಿ ಬರೀ ಕಲೆಯೇ ಇರುವುದು ಅಪರೂಪ. ಕಲೆಯೂ ಊತವೂ ಬೆರೆತಿರುತ್ತವೆ. ಯಾವುದು ಎಷ್ಟು ಎಂದು ಸ್ಕ್ಯಾನ್ ನೋಡಿ ಖಚಿತವಾಗಿ ಹೇಳುವುದು ಇವತ್ತಿಗೂ ಕಷ್ಟ. ಊತದ ಪಾಲು ಹೆಚ್ಚಿದ್ದರೆ ಔಷಧಿಯಿಂದಲೇ ದಾರಿ ಸ್ವಲ್ಪ ತೆರೆದುಕೊಳ್ಳುತ್ತದೆ. ಫ್ರಾನ್ಸಿನ ವೈದ್ಯರ ಗುಂಪೊಂದು ಇಂಥ 97 ಜನರಿಗೆ ಅಡಲಿಮುಮ್ಯಾಬ್ ಎಂಬ ಚುಚ್ಚುಮದ್ದು ಕೊಟ್ಟು ನೋಡಿತು. ಆರು ತಿಂಗಳ ಹೊತ್ತಿಗೆ ಸುಮಾರು 64 ಪ್ರತಿಶತ ಜನರಿಗೆ ಗುಣ ಕಂಡಿತ್ತು, ನಾಲ್ಕು ವರ್ಷದ ಕೊನೆಗೆ ಅರ್ಧದಷ್ಟು ಜನ ಆಪರೇಷನ್ ಇಲ್ಲದೆ ಇದ್ದರು. ಲಕ್ಷಣ ಶುರುವಾಗಿ ಬಹಳ ದಿನ ಆಗಿರದವರಿಗೆ, ಬಿಗಿದ ಭಾಗ ತೀರಾ ಉದ್ದವಿಲ್ಲದವರಿಗೆ, ಹಿಂದಿನ ಕರುಳು ಅತಿಯಾಗಿ ಊದಿರದವರಿಗೆ ಫಲ ಹೆಚ್ಚು. ಆದ್ದರಿಂದ ಡಾಕ್ಟರನ್ನು ನೇರವಾಗಿ ಕೇಳಿ: “ಬಿಗಿದದ್ದು ಎಷ್ಟು ಸೆಂಟಿಮೀಟರು? ಒಂದೇ ಕಡೆಯೋ, ನಾಲ್ಕಾರು ಕಡೆಯೋ? ಅದರ ಹಿಂದಿನ ಕರುಳು ಎಷ್ಟು ಅಗಲವಾಗಿದೆ? ಊತ ಇನ್ನೂ ಇದೆಯೋ?” ಮಲದ ಕ್ಯಾಲ್ಪ್ರೊಟೆಕ್ಟಿನ್, ರಕ್ತದ ಸಿಆರ್‌ಪಿ, ಎಂಆರ್ ಎಂಟರೋಗ್ರಫಿ ಎಂಬ ಕರುಳಿನ ಸ್ಕ್ಯಾನ್ ಇವು ಕೊನೆಯ ಪ್ರಶ್ನೆಗೆ ನೆರವಾಗುತ್ತವೆ. ಈ ಚುಚ್ಚುಮದ್ದು ಶುರುಮಾಡುವ ಮೊದಲು ಅಡಗಿದ ಟಿಬಿ ಇದೆಯೇ ಎಂದು ಮತ್ತೆ ನೋಡಲೇಬೇಕು, ಏಕೆಂದರೆ ಇದು ತಡೆಯುವ ಟಿಎನ್‌ಎಫ್ ಎಂಬ ವಸ್ತುವೇ ಟಿಬಿಯ ರೋಗಾಣುವನ್ನು ಕಟ್ಟಿಹಾಕಿರುತ್ತದೆ.

ಚುಚ್ಚುಮದ್ದು ಕೆಲವರಿಗೆ ತಾಗುವುದಿಲ್ಲ. ಅದಕ್ಕೂ ಈ ಕೋಶಗಳಿಗೂ ನಂಟಿದೆ ಎಂದು ಈಚೆಗೆ ತಿಳಿದಿದೆ. 2017ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಆಂಕೋಸ್ಟ್ಯಾಟಿನ್-ಎಂ ಎಂಬ ಇನ್ನೊಂದು ಸಂದೇಶ ವಸ್ತು ಹೆಚ್ಚಿರುವ ಕರುಳಿನಲ್ಲಿ ಟಿಎನ್‌ಎಫ್ ತಡೆಯುವ ಔಷಧಿ ಸೋಲುವುದು ಹೆಚ್ಚು ಎಂದು ತೋರಿಸಿದರು. ಆ ಸಂದೇಶವನ್ನು ಕೇಳಿಸಿಕೊಳ್ಳುವ ಕಿವಿ ಇರುವುದು ಕರುಳಿನ ಸಂಯೋಜಕ ಕೋಶಗಳಿಗೆ, ಕೇಳಿಸಿಕೊಂಡು ಅವು ಬೇರೆ ದಾರಿಯಿಂದ ಉರಿಯೂತವನ್ನು ಎಬ್ಬಿಸುತ್ತವೆ. ಮರುವರ್ಷ ಅದೇ ಊರಿನವರು ದೊಡ್ಡ ಕರುಳಿನ ಕೋಶಗಳನ್ನು ಒಂದೊಂದಾಗಿ ಬಿಡಿಸಿ ಓದಿದಾಗ, ನಾವು ಒಂದೇ ಎಂದುಕೊಂಡಿದ್ದ ಫೈಬ್ರೋಬ್ಲಾಸ್ಟ್‌ಗಳಲ್ಲಿ ಹಲವು ಬಗೆ ಇರುವುದು ಕಂಡಿತು. ಅಲ್ಸರೇಟಿವ್ ಕೊಲೈಟಿಸ್ ಇರುವವರಲ್ಲಿ ಕುಣಿಗಳನ್ನು ಸಲಹುವ ಬಗೆ ಕಡಿಮೆಯಾಗಿ, ಉರಿಯೂತಕ್ಕೆ ತುಪ್ಪ ಸುರಿಯುವ ಬಗೆ ಹೆಚ್ಚಾಗಿತ್ತು. ಅದು ಕ್ರೋನ್ಸ್ ಅಲ್ಲ, ಅದರ ಸೋದರ ಕಾಯಿಲೆ. ಇದನ್ನು ಹೇಳಲು ಕಾರಣವಿದೆ. ಒಂದು ಔಷಧಿ ತಾಗದಿದ್ದರೆ ಅದು ಮಗನ ಹಣೆಬರಹವಲ್ಲ, ನಿಮ್ಮ ಪಥ್ಯದ ದೋಷವೂ ಅಲ್ಲ. ಬೇರೆ ದಾರಿ ಹಿಡಿಯುವ ಔಷಧಿಗಳಿವೆ.

ಬಲೂನು ಎಂದರೆ ಕೊಲೊನೋಸ್ಕೋಪಿಯ ನಳಿಗೆಯೊಳಗಿಂದ ಮಡಿಚಿದ ಬಲೂನನ್ನು ಬಿಗಿದ ಜಾಗಕ್ಕೆ ಕಳಿಸಿ, ನೀರು ತುಂಬಿ ಹಿಗ್ಗಿಸುವುದು. ಬಿಗಿದ ಭಾಗ ನಾಲ್ಕೈದು ಸೆಂಟಿಮೀಟರಿಗಿಂತ ಚಿಕ್ಕದಿದ್ದು, ನೇರವಾಗಿದ್ದು, ಅಕ್ಕಪಕ್ಕ ಕೀವುಗಡ್ಡೆಯಾಗಲಿ ಫಿಸ್ತುಲಾ ಆಗಲಿ ಇಲ್ಲದಿದ್ದರೆ ಒಳ್ಳೆಯ ದಾರಿ. ಕೆಲವೇ ಜನರಲ್ಲಿ ಕರುಳು ತೂತಾಗುವ ಅಪಾಯವಿದೆ, ಆದ್ದರಿಂದ ಶಸ್ತ್ರವೈದ್ಯರು ಕೈಗೆಟುಕುವ ಆಸ್ಪತ್ರೆಯಲ್ಲೇ ಮಾಡಿಸಿ. ಹಲವರಿಗೆ ಒಂದೆರಡು ವರ್ಷದಲ್ಲಿ ಮತ್ತೊಮ್ಮೆ ಹಿಗ್ಗಿಸಬೇಕಾಗುತ್ತದೆ.

ಆಪರೇಷನ್ ಎಂದರೆ ಊರಲ್ಲಿ ಎಲ್ಲರ ಮುಖವೂ ಬಾಡುತ್ತದೆ, ನಿಮ್ಮದೂ ಬಾಡಿದೆ. ಅದು ಎಲ್ಲ ಕೈಬಿಟ್ಟ ಮೇಲಿನ ದಾರಿ ಎಂಬ ಭಾವನೆಯನ್ನು ದಯವಿಟ್ಟು ತೆಗೆದುಹಾಕಿ. ಸಣ್ಣ ಕರುಳು ಸುಮಾರು ಆರು ಮೀಟರ್ ಇದೆ. ಅದರ ಕೊನೆಯ ಒಂದು ಗೇಣು ಹೋದರೆ ಉಳಿದದ್ದು ಸಂಸಾರ ತೂಗಿಸುತ್ತದೆ. ಹಲವು ಕಡೆ ಬಿಗಿದಿದ್ದು ಎಲ್ಲವನ್ನೂ ಕತ್ತರಿಸಿದರೆ ಕರುಳು ಸಾಲದಾಗುವಾಗ ಇನ್ನೊಂದು ಉಪಾಯವಿದೆ, ಅದನ್ನು ನೀವು ನಿಮ್ಮ ಮಿಷನ್ ಮುಂದೆಯೇ ಮಾಡಿ ನೋಡಬಹುದು. ಚೂರು ಬಟ್ಟೆಯಿಂದ ಬಿಗಿಯಾದ ಒಂದು ತೋಳು ಹೊಲಿಯಿರಿ. ಬಿಗಿದ ಜಾಗದಲ್ಲಿ ಉದ್ದುದ್ದಕ್ಕೆ ಒಂದೂವರೆ ಇಂಚು ಕತ್ತರಿ ಹಾಕಿ. ಈಗ ಆ ಸೀಳಿನ ನಟ್ಟನಡುವಿನ ಎರಡು ಅಂಚನ್ನು ಹಿಡಿದು ಎಡಕ್ಕೂ ಬಲಕ್ಕೂ ಎಳೆಯಿರಿ, ಸೀಳಿನ ಎರಡು ತುದಿಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ಹಾಗೆ ಬಂದದ್ದನ್ನು ಅಡ್ಡಕ್ಕೆ ಹೊಲಿದುಬಿಡಿ. ತೋಳು ತುಸು ಗಿಡ್ಡವಾಯಿತು, ಆದರೆ ಅಗಲವಾಯಿತು, ಒಂದಿಷ್ಟೂ ಬಟ್ಟೆ ಹೋಗಲಿಲ್ಲ. ಇದಕ್ಕೆ ಸ್ಟ್ರಿಕ್ಚರೋಪ್ಲಾಸ್ಟಿ ಎನ್ನುತ್ತಾರೆ. ಇದನ್ನು ಟಿಬಿಯಿಂದ ಬಿಗಿದ ಕರುಳಿಗೆ ಮಾಡಿ 1977ರಲ್ಲಿ ವರದಿ ಮಾಡಿದವರು ನಮ್ಮ ದೇಶದ ಶಸ್ತ್ರವೈದ್ಯರು, ಕಟಾರಿಯಾ ಮತ್ತು ಸಂಗಡಿಗರು. ಅದನ್ನು ಇಂಗ್ಲೆಂಡಿನಲ್ಲಿ ಇಮ್ಯಾನುಯಲ್ ಲೀ ಕ್ರೋನ್ಸ್ ರೋಗಿಗಳಿಗೆ ಅಳವಡಿಸಿ 1982ರಲ್ಲಿ ಪ್ರಕಟಿಸಿದರು. ಇಂದು ಜಗತ್ತಿನೆಲ್ಲೆಡೆ ಮಾಡುತ್ತಾರೆ. ನಮ್ಮ ಬಡ ರೋಗಿಗಳ ಟಿಬಿ ಕರುಳಿನಿಂದ ಕಲಿತದ್ದು ದೂರದೇಶದವರ ಕರುಳು ಉಳಿಸಿದೆ ಎಂಬುದು ನನಗೆ ಹೆಮ್ಮೆಯ ವಿಷಯ.

ಕೊಯ್ಯಿಸಿದರೆ ಮತ್ತೆ ಬರುತ್ತದಂತೆ ಎಂದಿರಿ. ಬರಬಹುದು, ಹೆಚ್ಚಾಗಿ ಹೊಲಿಗೆ ಹಾಕಿ ಕೂಡಿಸಿದ ಜಾಗದಲ್ಲೇ. ಆದರೆ ಅದು ಬರುವ ಮೊದಲು ಸುದ್ದಿ ಕೊಡುತ್ತದೆ. ಆಪರೇಷನ್ ಆದ ಆರು ತಿಂಗಳಿಂದ ಒಂದು ವರ್ಷದೊಳಗೆ ಕೊಲೊನೋಸ್ಕೋಪಿ ಮಾಡಿದರೆ ಮಗನಿಗೆ ಯಾವ ನೋವೂ ಇಲ್ಲದಾಗಲೇ ಹೊಸ ಹುಣ್ಣು ಕಣ್ಣಿಗೆ ಬೀಳುತ್ತದೆ, ಔಷಧಿ ಬದಲಿಸಲು ಹೊತ್ತು ಸಿಗುತ್ತದೆ. ಆ ದಿನ “ನನಗೇನೂ ಇಲ್ಲವಲ್ಲವ್ವಾ” ಎಂದು ಅವನು ತಪ್ಪಿಸಿಕೊಳ್ಳದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಅವನು ಬೀಡಿ, ಸಿಗರೇಟು ಸೇದುತ್ತಿದ್ದರೆ ಬಿಡಿಸಿ, ಕ್ರೋನ್ಸ್ ಮರಳಿ ಬರುವುದನ್ನು ಅದರಷ್ಟು ಹೆಚ್ಚಿಸುವ ಬೇರೆ ಚಟವಿಲ್ಲ. ಮೈಕೈ ನೋವಿಗೆ ಅಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆ ಬೇಡ. ಕರುಳಿನ ಕೊನೆಯ ಭಾಗ ಬಿ12 ಹೀರುವ ಜಾಗ, ಆದ್ದರಿಂದ ಅದರ ಮಟ್ಟ ಆಗಾಗ ನೋಡಿಸಿ, ಬೇಕಾದರೆ ಇಂಜೆಕ್ಷನ್ ಹಾಕಿಸಿ.

ಈಗ ಊಟ. ಚಿಕಿತ್ಸೆ ಆಗುವವರೆಗೆ ಮಾತ್ರ ಈ ಪಥ್ಯ. ಕಿರಿದಾದ ದಾರಿಯಲ್ಲಿ ಸಿಕ್ಕಿಕೊಳ್ಳುವುದು ನಾರು, ಖಾರವಲ್ಲ. ರೊಟ್ಟಿಯ ಜೊತೆ ಹಸಿ ಮೆಂತ್ಯೆ ಸೊಪ್ಪು, ಹಸಿ ಈರುಳ್ಳಿ, ಸವತೆಕಾಯಿ ಹಾಕಿಕೊಳ್ಳುವುದು ನಿಮ್ಮ ಕಡೆಯ ರೂಢಿ, ಅದನ್ನು ಈಗ ನಿಲ್ಲಿಸಿ. ನುಗ್ಗೆಕಾಯಿ, ಬಾಳೆದಿಂಡು, ಹಲಸಿನ ತೊಳೆ, ಕಿತ್ತಳೆಯ ತೊಳೆ ಸಿಪ್ಪೆ ಸಮೇತ, ಕಬ್ಬು, ಸುಟ್ಟ ಮುಸುಕಿನ ಜೋಳ, ಮೊಳಕೆಕಾಳು, ಹುರಿದ ಶೇಂಗಾ ಇವೆಲ್ಲ ಬೇಡ. ಮೆತ್ತನೆಯ ಅನ್ನ, ಕಡೆದ ತೊವ್ವೆ, ಗಂಜಿ, ಮೊಸರು ಒಗ್ಗಿದರೆ ಮೊಸರು, ಇಡ್ಲಿ, ಸಿಪ್ಪೆ ತೆಗೆದು ಚೆನ್ನಾಗಿ ಬೇಯಿಸಿ ಕಿವುಚಿದ ಸೋರೆಕಾಯಿ, ಕುಂಬಳ, ಗಜ್ಜರಿ, ತಿನ್ನುವವರಾದರೆ ಮೊಟ್ಟೆ, ಮೀನು ಆಗಬಹುದು. ಒಮ್ಮೆಗೇ ತಟ್ಟೆ ತುಂಬ ಬಡಿಸದೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಹುಡುಗ ಸೊರಗಿದ್ದರೆ ಆಪರೇಷನ್ನಿಗೆ ಮೊದಲು ಕೆಲವು ವಾರ ಪೌಷ್ಟಿಕ ದ್ರವಾಹಾರ ಕೊಟ್ಟು ತೂಕ ಏರಿಸುವುದು ಬಲು ಉಪಯೋಗ, ಆಹಾರತಜ್ಞರನ್ನು ಕೇಳಿ.

ಆದರೆ ಇಷ್ಟು ಗಟ್ಟಿಯಾಗಿ ನೆನಪಿಡಿ. ವಾಂತಿ ನಿಲ್ಲದಿದ್ದರೆ, ಅದರಲ್ಲೂ ಹಸಿರು ಬಣ್ಣದ್ದಾದರೆ, ಹೊಟ್ಟೆ ಉಬ್ಬಿ ಗಾಳಿಯೂ ಮಲವೂ ನಿಂತುಹೋದರೆ, ನೋವು ಬಿಟ್ಟು ಬಿಟ್ಟು ಬರದೆ ಒಂದೇ ಸಮ ಇದ್ದರೆ, ಜ್ವರ ಏರಿದರೆ ಬೆಳಗಾಗಲಿ ಎಂದು ಕಾಯಬೇಡಿ. ಬಾಯಿಗೆ ಏನೂ ಕೊಡದೆ, ಶಸ್ತ್ರಚಿಕಿತ್ಸೆ ಸೌಲಭ್ಯ ಇರುವ ಆಸ್ಪತ್ರೆಗೆ ಆ ರಾತ್ರಿಯೇ ಹೊರಡಿ. ಭೇದಿ ಮಾಡಿಸುವ ಮಾತ್ರೆಯನ್ನಂತೂ ಕೊಡಲೇಬೇಡಿ.

ಖರ್ಚಿನ ಮಾತನ್ನು ಸಂಕೋಚದಿಂದ ಬರೆದಿದ್ದೀರಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರರನ್ನು ದಾಖಲಾಗುವ ಮೊದಲೇ ಕಂಡು, ಈ ಆಪರೇಷನ್ ಅದರಲ್ಲಿ ಸೇರುತ್ತದೆಯೇ ಎಂದು ಕೇಳಿ. ಅಡಲಿಮುಮ್ಯಾಬ್‌ಗೆ ಸಮನಾದ ಔಷಧಿ 2014ರಿಂದ ನಮ್ಮ ದೇಶದಲ್ಲೇ ತಯಾರಾಗುತ್ತಿದೆ, ಮೂಲ ಔಷಧಿಗಿಂತ ಬಹಳ ಅಗ್ಗ. ದುಡ್ಡು ಸಾಲದೆ ಹೋದರೆ ಸುಮ್ಮನೆ ಔಷಧಿ ನಿಲ್ಲಿಸುವ ಬದಲು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ತಿಂಗಳಿಗೆ ಕೆಲವೇ ನೂರು ರೂಪಾಯಿಯ ಅಜಥಯೋಪ್ರಿನ್‌ನಂಥ ಮಾತ್ರೆಯೂ, ರಕ್ತಪರೀಕ್ಷೆಯ ನಿಗಾದಲ್ಲಿ, ಎಷ್ಟೋ ಜನರನ್ನು ಕಾದಿದೆ.

ಮದುವೆಗೆ ಅಡ್ಡಿಯಿಲ್ಲ. ಕಾಯಿಲೆ ಹತೋಟಿಗೆ ಬಂದು ಒಂದಿಷ್ಟು ತಿಂಗಳಾಗಲಿ, ಆಮೇಲೆ ನೋಡಿ. ಹೆಣ್ಣಿನ ಮನೆಯವರಿಗೆ ಮುಚ್ಚಿಡಬೇಡಿ, ಮಗನೇ ಆ ಹುಡುಗಿಯ ಹತ್ತಿರ ಕೂತು ಹೇಳಲಿ. ಇದು ಅಂಟುರೋಗವಲ್ಲ. ತಂದೆಗಿದ್ದರೆ ಮಕ್ಕಳಿಗೆ ಬರುವ ಸಂಭವ ಬೇರೆಯವರಿಗಿಂತ ತುಸು ಹೆಚ್ಚು, ಆದರೂ ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಸಲ್ಫಾಸಲಜೀನ್ ಮಾತ್ರೆ ಗಂಡಸರ ವೀರ್ಯಾಣು ತಗ್ಗಿಸುತ್ತದೆ, ನಿಲ್ಲಿಸಿದರೆ ಮತ್ತೆ ಸರಿಯಾಗುತ್ತದೆ. ಮಗು ಬೇಕೆನ್ನುವ ಹೊತ್ತಿಗೆ ಡಾಕ್ಟರಿಗೆ ತಿಳಿಸಿದರಾಯಿತು.

ಮುಂದಿನ ವಾರ ಹೊರಡುವ ಯೋಚನೆ ಇದ್ದೇ ಇತ್ತಲ್ಲ, ಆ ದಿನವೇ ಆಸ್ಪತ್ರೆಗೆ ಹೋಗಿ. ಚೀಲದಲ್ಲಿ ಹಳೆಯ ಕೊಲೊನೋಸ್ಕೋಪಿ ವರದಿಗಳು, ಸ್ಕ್ಯಾನಿನ ಸಿ.ಡಿ., ಟಿಬಿ ಚಿಕಿತ್ಸೆಯ ಚೀಟಿ ಇರಲಿ. ಮೊದಲ ಆಸ್ಪತ್ರೆಯಿಂದ ಬಯಾಪ್ಸಿಯ ಗಾಜಿನ ಸ್ಲೈಡುಗಳನ್ನೂ ಕೇಳಿ ಪಡೆದುಕೊಳ್ಳಿ, ಅವು ಇನ್ನೊಮ್ಮೆ ಓದಲು ಸಿಗುತ್ತವೆ. ಮಗ ಯಾವ ಮಾತ್ರೆ ಯಾವ ತಿಂಗಳು ಬಿಟ್ಟ ಎಂಬುದನ್ನು ಅವನ ಕೈಯಲ್ಲೇ ಒಂದು ಹಾಳೆಯ ಮೇಲೆ ಬರೆಸಿ. ಚೂರು ಬಟ್ಟೆಯಿಂದ ಹೊಲಿದ ಆ ತೋಳನ್ನೂ ಜೊತೆಗಿಟ್ಟುಕೊಳ್ಳಿ. ಶಸ್ತ್ರವೈದ್ಯರು ಬಂದಾಗ ಅದನ್ನು ತೋರಿಸಿ, ನನ್ನ ಮಗನಿಗೆ ಯಾವುದು ಸರಿ, ಕತ್ತರಿಸಿ ಜೋಡಿಸುವುದೋ ಹೀಗೆ ಅಗಲ ಮಾಡುವುದೋ ಎಂದು ಕೇಳಿ.